ಮೊಹರು ನಂಬರ್ ಹದಿನೇಳು

ಹತ್ತಿರಹತ್ತಿರ ಎರಡು ಕೇಜಿ. ಕೊರಳಿಗೆ ಹಾಕಿಕೊಂಡರೆ
ಬೀಸುವ ಕಲ್ಲಿನ ಚೂರೊಂದು ಜೋತುಬಿದ್ದಂತೆ.
ಗುಂಡಿ ಒತ್ತಿದರೆ ಒಳಗಿನ ಕನ್ನಡಿ
ಗಾಳಿಗೆ ಸಿಕ್ಕ ಬಾಗಿಲಿನ ಹಾಗೆ ಧಡಾರ್!
ಎದುರಿಗಿದ್ದ ಮಗು ಬೆಚ್ಚುತ್ತದೆ,
ಫಿಲ್ಮಿನಲ್ಲಿ ಮೂಡುವುದು ಬೆಚ್ಚಿದ ಮುಖ.

ಇಂಥವು ಹನ್ನೊಂದಿವೆ ನನ್ನಲ್ಲಿ,
ಕೀವ್ ನಗರದ ಹೆಸರನ್ನೇ ಹೊತ್ತ ಸೋವಿಯತ್ ಕಾಲದವು,
ಪೊಡಿಲ್‌ನ ಮೂರನೇ ಮಹಡಿಯಲ್ಲಿ, ಹುಳಿಹಿಡಿಸಿದ ಸೌತೆಯ ಭರಣಿಗಳ ಪಕ್ಕ,
ಹೆಂಡತಿ ಬಿಟ್ಟುಕೊಟ್ಟ ಒಂದೂವರೆ ಕಪಾಟಿನಲ್ಲಿ.
ಶನಿವಾರದ ಸಂತೆಯಲ್ಲಿ
ತುಕ್ಕು ಹಿಡಿದ ಪದಕ, ಹಲ್ಲುದುರಿದ ಬಾಚಣಿಗೆ,
ಜೊತೆ ಕಳಕೊಂಡ ಸ್ಕೇಟು,
ಇವುಗಳ ನಡುವೆ ಸಿಕ್ಕವು.
ಮೊದಲು ಬೆನ್ನು ತೆರೆದು ಮೂಸುತ್ತೇನೆ:
ಗ್ರೀಸಿನ ವಾಸನೆಯಾದರೆ ಸರಿ; ಬೂಷ್ಟಿನದಾದರೆ
ಮಾರುವವನ ಮುಖ ನೋಡುತ್ತೇನೆ,
ಅವನು ಆಕಾಶ ನೋಡುತ್ತಾನೆ.

ಫಿಲ್ಮು ಸರಿಸುವ ಸನ್ನೆಯನ್ನು ಕೊನೆಯವರೆಗೆ ಎಳೆದು,
ನಿದ್ದೆಹೋದ ಕೂಸಿನ ಕೆಳಗಿಂದ ಕೈ ತೆಗೆಯುವಂತೆ
ಮೆಲ್ಲಗೆ ಬಿಡಬೇಕು.
ಚಿಟಕ್ಕನೆ ಬಿಟ್ಟಿರೋ,
ಒಂದು ಚೌಕದ ಮೇಲೆ ಇನ್ನೊಂದು ಹತ್ತಿ
ಮದುವೆಯೊಳಗೆ ಮಸಣ ಸೇರುತ್ತದೆ.

ಪ್ರತಿ ಪೆಟ್ಟಿಗೆಯಲ್ಲೂ ಒಂದು ಮಡಿಸಿದ ಕಾಗದ.
ಅದನ್ನು ಪಾಸ್‌ಪೋರ್ಟ್ ಅನ್ನುತ್ತಾರೆ.
(ನನಗೇ ಇಲ್ಲ ಪಾಸ್‌ಪೋರ್ಟು, ಇವಕ್ಕುಂಟು.)
ಲೆನ್ಸಿನ ಸಂಖ್ಯೆ, ಒಡಲಿನ ಸಂಖ್ಯೆ, ತಾರೀಖು,
ಕೆಳಗೆ ನೇರಳೆ ಮೊಹರು, ತಪಾಸಣೆಯಾಗಿದೆ ಎಂದು.
ಹನ್ನೊಂದರಲ್ಲಿ ಐದಕ್ಕೆ ಮೊಹರು ಹದಿನೇಳು,
ಪಕ್ಕದಲ್ಲಿ ಗಾಳದ ಕೊಕ್ಕೆಯಂಥ ಸಹಿ.

ಗಡಿಯಾರ ರಿಪೇರಿಯ ಲುಕ್ಯಾನ್ ಹೇಳಿದ:
ಹದಿನೇಳೇ? ನಮ್ಮ ಹ್ಲಾಫಿರಾ ಸ್ತೆಪಾನಿವ್ನಾ!
ನದಿಯಾಚೆ, ಒಂಬತ್ತನೇ ಮಹಡಿ.

ಆ ಚಳಿಗಾಲ ಕರೆಂಟು ಬಂದರೆ ಬಂತು.
ಲಿಫ್ಟು ಸತ್ತಿತ್ತು. ಐದನ್ನೂ ಚೀಲದಲ್ಲಿ ಹೊತ್ತು ಹತ್ತಿದೆ.
ಹಣೆಗೆ ದೀಪ ಕಟ್ಟಿಕೊಂಡ ಮುದುಕಿ, ಗಣಿಗೆ ಇಳಿಯುವವಳಂತೆ,
ಚಹಾ ಬಗ್ಗಿಸಿದಳು, ಪಾಸ್‌ಪೋರ್ಟುಗಳನ್ನು ಓದಿದಳು.
ಇಪ್ಪತ್ತೊಂಬತ್ತು. ಮೂವತ್ತೊಂದು. ಮೂವತ್ತು. ಮತ್ತೆ ಮೂವತ್ತು.
ನಕ್ಕಳು.
"ತಿಂಗಳ ಮೊದಲಲ್ಲಿ ಬಿಡಿಭಾಗಗಳೇ ಬರುತ್ತಿರಲಿಲ್ಲ ಮಗೂ,
ಕೂತು ಕಾಲುಚೀಲ ಹೆಣೆಯುತ್ತಿದ್ದೆವು.
ಕೊನೆಯ ವಾರ ನೆರೆ ಬಂದ ಹಾಗೆ.
ಮೂವತ್ತರ ರಾತ್ರಿ ನಾನು ನೋಡುತ್ತಿದ್ದದ್ದು ಕಾಗದ,
ಕ್ಯಾಮೆರಾವನ್ನು ದೇವರು ನೋಡಿಕೊಳ್ಳುತ್ತಿದ್ದ,
ದೇವರಿಲ್ಲ ಅನ್ನುತ್ತಿದ್ದರಲ್ಲ, ಆಗಲೂ."

ಐದನೆಯದು ಎಂಬತ್ತೇಳು, ಅಕ್ಟೋಬರ್ ಒಂಬತ್ತು.
ಹಣೆಯ ದೀಪ ಆರಿಸಿದಳು.
ಕತ್ತಲಲ್ಲಿ ಸನ್ನೆ ಎಳೆದದ್ದು ಕೇಳಿತು,
ಧಡಾರ್ ಕೇಳಿತು, ಮತ್ತೆ ಇನ್ನೊಮ್ಮೆ,
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
"ಇದನ್ನು ನೋಡಿದ್ದೆ" ಎಂದಳು.
"ಅರ್ಧ ಸೆಕೆಂಡು ಎಳೆಯುತ್ತದೆ. ಆವತ್ತೂ ಎಳೆಯುತ್ತಿತ್ತು.
ಮಗಳಿಗೆ ಜ್ವರ, ಮನೆಗೆ ಓಡಬೇಕಿತ್ತು. ಪಾಸು ಮಾಡಿಬಿಟ್ಟೆ."
ಕ್ಷಮೆ ಕೇಳಿದಳೋ, ಸುಮ್ಮನೆ ಹೇಳಿದಳೋ,
ಮುಖ ಕಾಣಲಿಲ್ಲ.

ಕಿಟಕಿಯ ಹಿಮದ ಬೆಳಕಿನಲ್ಲಿ ಕೂರಿಸಿ
ಅದರಲ್ಲೇ ತೆಗೆದೆ, ಆ ಎಳೆಯುವ ಅರ್ಧ ಸೆಕೆಂಡಿನಲ್ಲೇ.
ಉಸಿರು ಕಟ್ಟಿ ಕೂತಳು.
ಮನೆಗೆ ಬಂದು ಬಚ್ಚಲಲ್ಲಿ ಫಿಲ್ಮು ತೊಳೆಯುವಾಗ
ಕಿಟಕಿಗೆ ಕಂಬಳಿ ಕಟ್ಟುವ ಕೆಲಸವಿರಲಿಲ್ಲ;
ಕತ್ತಲಿಗೆ ಇಡೀ ಊರೇ ಕೈಜೋಡಿಸಿತ್ತು.

ಚಳಿಗೆ ಕೈ ನಡುಗಿ ಸನ್ನೆ ಚಿಟಕ್ಕೆಂದಿರಬೇಕು.
ಹಿಂದಿನ ಚೌಕದ ಮೆಟ್ಟಿಲ ಸಾಲು
ಅವಳ ಎಡಗೆನ್ನೆಯೊಳಗೆ ಹತ್ತಿ ಹೋಗಿತ್ತು.

ಪ್ರಿಂಟು ಒಯ್ದು ಕೊಟ್ಟೆ.
ಭೂತಗನ್ನಡಿ ಹಿಡಿದಳು. "ಚೌಕ ಹತ್ತಿದೆ.
ಇದು ನಿನ್ನ ಕೈಯ ತಪ್ಪು, ನಮ್ಮದಲ್ಲ."
ಹಿಂದೆ ಒಂದು ಸಹಿ ಹಾಕಿ ಅಂದೆ, ಅದೇ ಕೊಕ್ಕೆ.
ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು.
"ಇಲ್ಲೇ ಇಟ್ಟು ಹೋಗು. ಕರೆಂಟು ಬಂದಾಗ ನೋಡುತ್ತೇನೆ.
ಇವತ್ತಿನ್ನೂ ಹನ್ನೆರಡು."